ಕೊಡಗಿನ ಮಳೆಗೆ ಒಗ್ಗುವ ದಾಸವಾಳ: ನನ್ನ ಅನುಭವ

ಮಡಿಕೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡದ ಬುಡ ಒಣಗುವುದೇ ಇಲ್ಲ. ದಾಸವಾಳ ಸಾಯುವುದೂ ಬಹುಪಾಲು ಆಗಲೇ. ಬೇಲಿಯ ನಾಟಿ ಕೆಂಪು ದಾಸವಾಳ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಅಂಗೈಯಗಲ ಹೂ ಬಿಡುವ ಹೈಬ್ರಿಡ್‌ಗಳು ತಡೆಯುವುದಿಲ್ಲ.

ಹಾಗಾಗಿ ಗುಂಡಿ ತೋಡಿ ನೆಡುವುದನ್ನು ಬಿಟ್ಟಿದ್ದೇನೆ. ಮಣ್ಣನ್ನು ಒಂದಡಿ ಆಳ ಸಡಿಲಿಸಿ, ಅದರ ಮೇಲೆ ಒಂದಡಿ ಎತ್ತರ, ಮೂರಡಿ ಅಗಲದ ದಿಬ್ಬ ಮಾಡಿ ನೆಡುತ್ತೇನೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಳೆ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಕಾಫಿ ಸಿಪ್ಪೆ ಕೈಗೆ ಸಿಗುತ್ತದೆಂದು ಹಸಿಯಾಗಿ ಸುರಿಯಬೇಡಿ, ಕೊಳೆಯುವಾಗ ಬಿಸಿಯೇರಿ ಬೇರು ಸುಡುತ್ತದೆ. ಕುಂಡವಾದರೆ 12 ಇಂಚಿನದು, ಇಟ್ಟಿಗೆಯ ಮೇಲೆ, ಅಡಿಗೆ ತಟ್ಟೆ ಇಲ್ಲದೆ. ಎಲ್ಲರೂ ಮಳೆ ಹಿಡಿದಾಗ ನೆಡುತ್ತಾರೆ. ನನ್ನದು ಅಕ್ಟೋಬರ್. ಮುಂದಿನ ಮಳೆಗಾಲಕ್ಕೆ ಬೇರು ಎಂಟು ತಿಂಗಳು ಹಳೆಯದಾಗಿರುತ್ತದೆ.

ಮಳೆಗಾಲದಲ್ಲಿ ಕೆಳಗಿನ ನಾಲ್ಕಾರು ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಮಣ್ಣು ಒದ್ದೆಯಿದ್ದೂ ಇಡೀ ಗಿಡ ಬಾಡಿ ಜೋತುಬಿದ್ದರೆ ಮಾತ್ರ ಬುಡ ಕೆದಕಿ, ಒಂದು ಸಣ್ಣ ಬೇರನ್ನು ಬೆರಳಲ್ಲಿ ಹಿಡಿದು ಎಳೆಯಿರಿ. ಮೇಲಿನ ಸಿಪ್ಪೆ ಕಾಲುಚೀಲದಂತೆ ಕಳಚಿ, ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಬೇರು ಕೊಳೆತಿದೆ. ಆ ಹಂತದಲ್ಲಿ ಔಷಧಿ ಸುರಿಯುವುದು ದಂಡ. ಬಾಡದ ಕೊಂಬೆ ಇದ್ದರೆ ಅದನ್ನು ಕತ್ತರಿಸಿ ಕಸಿಗೆ ಬಳಸಿಕೊಳ್ಳಿ.

ಕಸಿ ಎಂದರೆ ತೋಟದವರಿಗೆ ಕಾಫಿ ಗಿಡದ ಕೊಂಬೆ ಕತ್ತರಿಸುವುದು. ನಾನು ಹೇಳುತ್ತಿರುವುದು ಜೋಡಿಸುವ ಕಸಿ. ಮಳೆಗೆ ಬಗ್ಗದ ನಾಟಿ ಬೇರಿನ ಮೇಲೆ ಹೈಬ್ರಿಡ್ ಕೂರಿಸುವುದೇ ಇಲ್ಲಿ ನನಗೆ ಕಂಡ ಗಟ್ಟಿ ಉಪಾಯ. ಅಕ್ಟೋಬರ್‌ನಲ್ಲಿ ಪೆನ್ಸಿಲ್ ದಪ್ಪದ, ಆರಿಂಚಿನ ನಾಟಿ ಕಡ್ಡಿಗಳನ್ನು ಕಾಫಿ ನರ್ಸರಿಯ ಚೀಲದಲ್ಲಿ ಊರುತ್ತೇನೆ. ಮಾರ್ಚ್ ಹೊತ್ತಿಗೆ ಅವು ಸಿದ್ಧ. ಬುಡದಿಂದ ನಾಲ್ಕಿಂಚು ಮೇಲೆ ಅಡ್ಡ ಕತ್ತರಿಸಿ, ನಡುವೆ ಒಂದಿಂಚು ಸೀಳಬೇಕು. ಅಷ್ಟೇ ದಪ್ಪದ ಹೈಬ್ರಿಡ್ ಕಡ್ಡಿಯ ಎಲೆ ತೆಗೆದು, ಕೆಳತುದಿಯನ್ನು ಎರಡೂ ಬದಿ ಹೆರೆದು ಬೆಣೆಯಂತೆ ಮಾಡಿ ಸೀಳಿಗೆ ಇಳಿಸಬೇಕು. ದಪ್ಪ ಹೊಂದದಿದ್ದರೆ ಒಂದು ಬದಿಯಲ್ಲಾದರೂ ಸಿಪ್ಪೆಗೆ ಸಿಪ್ಪೆ ಕೂರಲಿ. ಎರಡೂ ಬದಿ ತಪ್ಪಿದರೆ ಹಿಡಿಯುವುದಿಲ್ಲ. ಕಸಿ ಪಟ್ಟಿ ಬಿಗಿದು, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ. ಮೂರ್ನಾಲ್ಕು ವಾರಕ್ಕೆ ಚಿಗುರು ಕಂಡಾಗ ಮೊದಲು ಕವರ್‌ನ ಮೂಲೆ ಮಾತ್ರ ಕತ್ತರಿಸಿ. ಒಮ್ಮೆಲೇ ಬಿಚ್ಚಿದರೆ ಚಿಗುರು ಒಣಗುತ್ತದೆ. ಕಸಿಯ ಕೆಳಗೆ ಬರುವ ನಾಟಿ ಚಿಗುರನ್ನು ಕಂಡ ದಿನವೇ ಮುರಿಯಿರಿ.

ಹೂ ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಹಳೆ ಗಿಡವನ್ನು ಫೆಬ್ರವರಿ ಕೊನೆಗೆ ಮೂರನೇ ಒಂದು ಭಾಗ ಕತ್ತರಿಸಿ, ತುದಿಗೆ ಬೋರ್ಡೋ ಮುಲಾಮು (ಮೈಲುತುತ್ತು, ಸುಣ್ಣ ಕಲಸಿದ್ದು) ಹಚ್ಚುತ್ತೇನೆ. ಜೂನ್‌ನಲ್ಲಿ ಕತ್ತರಿಸಿದ ಕೊಂಬೆ ತುದಿಯಿಂದ ಕೆಳಕ್ಕೆ ಕಪ್ಪಾಗುತ್ತಾ ಹೋಗುತ್ತದೆ.

ಗೊಬ್ಬರದಲ್ಲಿ ಆಗುವ ತಪ್ಪು ಒಂದೇ: ತೋಟಕ್ಕೆ ತಂದ 17:17:17 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಅನ್ನು ಕುಂಡಕ್ಕೂ ಹಾಕುವುದು. ದಾಸವಾಳಕ್ಕೆ ರಂಜಕ ಕಡಿಮೆ ಸಾಕು. ಅದು ಕುಂಡದಲ್ಲಿ ಕೂಡಿಕೊಂಡರೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ನಾನು ನೆಲದ ದೊಡ್ಡ ಗಿಡಕ್ಕೆ ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ ಎರಡು ಕಿಲೋ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ, 15 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಕೊಡುತ್ತೇನೆ.

ಮಾರ್ಚ್, ಏಪ್ರಿಲ್ ಹಿಟ್ಟು ತಿಗಣೆಯ ಕಾಲ. ಚಿಗುರು ಮುದುರಿ ಗುಂಪುಗಟ್ಟಿದರೆ ನಾಲ್ಕಿಂಚು ಕೆಳಗೆ ಕತ್ತರಿಸಿ, ಕೊಡವದೆ ನೇರ ಸೋಪಿನ ನೀರಿಗೆ ಹಾಕಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 2 ಮಿಲಿ ದ್ರವ ಸೋಪು, ಸಂಜೆ ಹೊತ್ತು, ವಾರಕ್ಕೊಮ್ಮೆ ಮೂರು ಸಲ. ಕಾಂಡದಲ್ಲಿ ಇರುವೆ ಸಾಲು ಕಂಡರೆ ಮೊದಲು ಗೂಡು ಹುಡುಕಿ. ಇರುವೆ ಇರುವ ತನಕ ತಿಗಣೆ ಮತ್ತೆ ಮತ್ತೆ ಬರುತ್ತದೆ.