ಕೇಸಿಂಗ್ ಬಿಲ್ಲುಗಳಲ್ಲಿದ್ದ ನೆಲದಾಳ

ಕೊಡಗಿನ ಸುಂಟಿಕೊಪ್ಪ ಮತ್ತು ಮಾದಾಪುರದ ನಡುವಿನ ಕಾಫಿ ತೋಟಗಳಲ್ಲಿ ಕೆಲವು ವರ್ಷಗಳಿಂದ ನಾನು ಕೊಳವೆಬಾವಿಗಳ ವಿವರಗಳನ್ನು ಸಂಗ್ರಹಿಸುತ್ತ ಬಂದಿದ್ದೇನೆ. ಭೂವಿಜ್ಞಾನ ಓದಿದವನೆಂಬ ಕಾರಣಕ್ಕೆ, ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟು ಸ್ಪ್ರಿಂಕ್ಲರಿಗೆ ನೀರು ಬೇಕಾದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ, ಎಲ್ಲಿ ಕೊರೆಸಬಹುದು ಎಂದು ನೋಡಿ ಹೇಳಲು ನನ್ನನ್ನು ಕರೆಯುವವರು ಇದ್ದೇ ಇರುತ್ತಾರೆ. ಹೋದಲ್ಲೆಲ್ಲ ನಾನು ಮೊದಲು ಕೇಳುವುದು ಹಳೆಯ ಬಾವಿಯ ಬಿಲ್ಲನ್ನು. ಹೀಗೆ ಒಟ್ಟಾದ ನಲವತ್ತಕ್ಕೂ ಹೆಚ್ಚು ಬಿಲ್ಲುಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಜೋಡಿಸಿ, ನೆಲದಡಿಯ ಬಂಡೆ ಎಲ್ಲಿ ಎಷ್ಟು ಆಳದಲ್ಲಿದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಂಡ ಬಗೆಯನ್ನೂ, ಆ ಕೆಲಸದಲ್ಲಿ ನಾನು ಎಡವಿದ ಜಾಗಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬಿಲ್ಲನ್ನೇ ಏಕೆ ನಂಬಿದೆ ಎಂಬುದನ್ನು ಮೊದಲು ಹೇಳಬೇಕು. ಕೊರೆಯುವಾಗ ಯಾವ ಆಳದಲ್ಲಿ ಯಾವ ಮಣ್ಣು ಬಂತು, ಕಲ್ಲಿನ ಬಣ್ಣ ಎಲ್ಲಿ ಬದಲಾಯಿತು ಎಂಬುದನ್ನು ನಮ್ಮಲ್ಲಿ ಬರೆದಿಡುವವರು ಕಡಿಮೆ. ವರ್ಷ ಕಳೆದ ಮೇಲೆ ತೋಟದವರ ನೆನಪಿನಲ್ಲಿ ಉಳಿಯುವುದು ಒಟ್ಟು ಆಳ ಮತ್ತು ಎಷ್ಟು ಇಂಚು ನೀರು ಬಂತು ಎಂಬ ಎರಡೇ ಸಂಗತಿ. ಆದರೆ ಕೇಸಿಂಗ್ ಪೈಪಿಗೆ ಅಡಿಯ ಲೆಕ್ಕದಲ್ಲಿ ಹಣ ಕೊಡಬೇಕಾಗುವುದರಿಂದ ಅದು ಎಷ್ಟು ಇಳಿಯಿತು ಎಂಬುದು ಕಾಗದದ ಮೇಲೆ ತಪ್ಪದೆ ಇರುತ್ತದೆ. ಮೇಲಿನ ಕೆಂಪು ಮಣ್ಣು, ಅದರಡಿಯ ಜೇಡಿ, ಇನ್ನೂ ಕೆಳಗಿನ ಶಿಥಿಲಗೊಂಡ ಕಲ್ಲು, ಇವೆಲ್ಲ ಕುಸಿಯುವ ಪದರಗಳಾದ್ದರಿಂದ ಅಲ್ಲಿಯವರೆಗೆ ಪೈಪು ಬೇಕು. ಅದು ಗಟ್ಟಿಬಂಡೆಯ ಮೇಲೆ ಕುಳಿತ ಮೇಲೆ ಬೇಡ. ಆದುದರಿಂದ ಕೇಸಿಂಗಿನ ಉದ್ದವೆಂದರೆ ಹೆಚ್ಚುಕಡಿಮೆ ಬಂಡೆಯ ಆಳವೇ. ಹೆಚ್ಚುಕಡಿಮೆ ಎಂದದ್ದಕ್ಕೆ ಕಾರಣವಿದೆ: ಪೈಪು ಇಪ್ಪತ್ತು ಅಡಿಯ ತುಂಡುಗಳಲ್ಲಿ ಬರುವುದರಿಂದ ನನ್ನ ಕೋಷ್ಟಕದಲ್ಲಿ 40, 60, 80 ಎಂಬ ಸಂಖ್ಯೆಗಳೇ ಗುಂಪುಗೂಡಿದ್ದವು. ಬಂಡೆ 63 ಅಡಿಯಲ್ಲಿ ಸಿಕ್ಕಿದ್ದರೂ ಬಿಲ್ಲಿನಲ್ಲಿ 80 ಎಂದೇ ಬರಬಹುದು. ಒಂದು ತೋಟದಲ್ಲಂತೂ ಬಿಲ್ಲಿನಲ್ಲಿ 120 ಅಡಿ ಎಂದಿತ್ತು, ಮಾಲೀಕರು ಎಣಿಸಿದ್ದು ಐದೇ ಪೈಪು. ನಾನು 100 ಎಂದು ದಾಖಲಿಸಿದೆ. ಅಪರೂಪಕ್ಕೆ ಒಳ್ಳೆಯ ದಾಖಲೆಯೂ ದೊರೆಯಿತು. ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬಂದಿದ್ದ ಲಾರಿಯೊಂದರ ಕೊರೆಯುವವರು ಚಿಕ್ಕ ನೋಟ್‌ಬುಕ್ಕಿನಲ್ಲಿ ಪ್ರತಿ ರಾಡಿಗೂ ತಮಿಳಿನಲ್ಲಿ ಮಣ್ (ಮಣ್ಣು), ಕಲ್ (ಕಲ್ಲು), ಪಾರೈ (ಬಂಡೆ) ಎಂದು ಬರೆದುಕೊಂಡಿದ್ದರು. ಆ ಪುಟದ ಫೋಟೊ ನನ್ನ ಇಡೀ ಸಂಗ್ರಹದಲ್ಲೇ ಅತ್ಯಂತ ಬೆಲೆಯುಳ್ಳದ್ದು.

ಕೋಷ್ಟಕಗಳನ್ನು ಎರಡಾಗಿ ಇಟ್ಟುಕೊಂಡೆ. ಒಂದರಲ್ಲಿ ಬಾವಿಯ ಸಂಖ್ಯೆ, ಸ್ಥಾನ, ಬಾಯಿಯ ಎತ್ತರ, ಒಟ್ಟು ಆಳ. ಇನ್ನೊಂದರಲ್ಲಿ ಅದೇ ಸಂಖ್ಯೆಯ ಮುಂದೆ ಎಲ್ಲಿಂದ ಎಲ್ಲಿಯವರೆಗೆ ಯಾವ ಪದರ ಎಂಬ ಸಾಲುಗಳು. ಅಡಿಗಳನ್ನೆಲ್ಲ 0.3048ರಿಂದ ಗುಣಿಸಿ ಮೀಟರಿಗೆ ತಂದು, ಸ್ಥಾನವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಎಂಬ ನಕ್ಷಾ ಪದ್ಧತಿಯಲ್ಲಿ ಕೊಡಗು ಬೀಳುವ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643 ಎಂಬ ಸಂಕೇತದ ಪದ್ಧತಿಗೆ ಬದಲಾಯಿಸಿದೆ. ಅಕ್ಷಾಂಶ ರೇಖಾಂಶಗಳಲ್ಲೇ ಬಿಟ್ಟರೆ ಅಡ್ಡಳತೆ ಡಿಗ್ರಿಯಲ್ಲಿಯೂ ಆಳ ಮೀಟರಿನಲ್ಲಿಯೂ ಇದ್ದು ಚಿತ್ರವೇ ಹಾಳಾಗುತ್ತದೆ.

ನಿಜವಾದ ತೊಂದರೆ ಕಾಣಿಸಿಕೊಂಡದ್ದು ಬಾವಿಯ ಬಾಯಿಯ ಎತ್ತರದಲ್ಲಿ. ಮೊದಮೊದಲು ನನ್ನ ಆಂಡ್ರಾಯ್ಡ್ ಫೋನಿನ ಒಂದು ಆ್ಯಪ್ ತೋರಿಸಿದ ಎತ್ತರವನ್ನೇ ಬರೆದುಕೊಂಡಿದ್ದೆ. ಸುಮಾರು 948 ಮೀಟರ್ ಇರಬೇಕಾದ ಜಾಗದಲ್ಲಿ ಅದು 862 ಎಂದು ತೋರಿಸುತ್ತಿತ್ತು. ಹತ್ತಿರದ ಎಲ್ಲ ಬಾವಿಗಳಲ್ಲೂ ವ್ಯತ್ಯಾಸ ಬಹುತೇಕ ಅಷ್ಟೇ ಇದ್ದುದರಿಂದ ಇದು ಉಪಕರಣದ ದೋಷವಲ್ಲ, ಲೆಕ್ಕದ ತಳಹದಿಯೇ ಬೇರೆ ಎಂದು ಹೊಳೆಯಿತು. ಉಪಗ್ರಹ ಸಂಕೇತದಿಂದ ಸಿಗುವ ಎತ್ತರ ಭೂಮಿಯನ್ನು ನಯವಾದ ದೀರ್ಘವೃತ್ತಗೋಳವೆಂದು ಎಣಿಸಿ ಅಳೆದದ್ದು. ನಾವು ಸಮುದ್ರಮಟ್ಟದಿಂದ ಎನ್ನುವುದು ಗುರುತ್ವವನ್ನು ಅನುಸರಿಸುವ ಜಿಯಾಯ್ಡ್ ಎಂಬ ಮೇಲ್ಮೈಯಿಂದ. ದಕ್ಷಿಣ ಭಾರತದ ಈ ಭಾಗದಲ್ಲಿ ಇವೆರಡರ ನಡುವೆ 80 ಮೀಟರಿಗೂ ಹೆಚ್ಚಿನ ಅಂತರವಿದೆ. ಇದನ್ನು ಗಮನಿಸದೆ ಹೋಗಿದ್ದರೆ ನನ್ನ ಬಾವಿಗಳ ಬಾಯಿಗಳೆಲ್ಲ ನೆಲದೊಳಗೆ ಹೂತಿರುತ್ತಿದ್ದವು.

ಆಮೇಲೆ ನೆಲವನ್ನು ಚೌಕಗಳಾಗಿ ವಿಭಾಗಿಸಿ ಒಂದೊಂದಕ್ಕೂ ಎತ್ತರ ಕೊಡುವ ರಾಸ್ಟರ್ ದತ್ತಾಂಶದತ್ತ ಹೊರಳಿದೆ. 2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎಸ್‌ಆರ್‌ಟಿಎಂ ಎಂಬ ದತ್ತಾಂಶ ಉಚಿತವಾಗಿ ಸಿಗುತ್ತದೆ, ಅದರ ಒಂದು ಚೌಕ ಸುಮಾರು 30 ಮೀಟರ್. ಬಯಲುಸೀಮೆಗೆ ಅದು ಸಾಕು. ನಮ್ಮಲ್ಲಿ 25 ಡಿಗ್ರಿ ಇಳಿಜಾರಿನಲ್ಲಿ ಒಂದೇ ಚೌಕದ ಮೇಲಂಚಿಗೂ ಕೆಳಂಚಿಗೂ 14 ಮೀಟರ್ ವ್ಯತ್ಯಾಸ ಬೀಳುತ್ತದೆ. ಅದಲ್ಲದೆ ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳಿನ ತೋಟದಲ್ಲಿ ಆ ರೇಡಾರ್ ಕಂಡದ್ದು ಪೂರ್ತಿ ನೆಲವನ್ನೂ ಅಲ್ಲ, ಪೂರ್ತಿ ಮರದ ತುದಿಯನ್ನೂ ಅಲ್ಲ, ನಡುವಿನ ಯಾವುದೋ ಎತ್ತರವನ್ನು. ಬಹಳ ಯೋಚಿಸಿದ ಮೇಲೆ ಎಲ್ಲ ಬಾವಿಗಳ ಬಾಯಿಯ ಎತ್ತರವನ್ನೂ ಇದೇ ರಾಸ್ಟರಿನಿಂದ ತೆಗೆದುಕೊಳ್ಳುವುದೆಂದು ನಿರ್ಧರಿಸಿದೆ. ತಪ್ಪಿದ್ದರೂ ಎಲ್ಲದಕ್ಕೂ ಒಂದೇ ಮೂಲವಿರುತ್ತದೆ, ಬಾವಿಯ ಬಾಯಿ ಪರದೆಯ ಮೇಲಿನ ನೆಲಕ್ಕೆ ಸರಿಯಾಗಿ ಕೂರುತ್ತದೆ, ನೆಲದಿಂದ ಬಂಡೆಗಿರುವ ಆಳ ಕೆಡುವುದಿಲ್ಲ. ಆದರೆ ಎರಡು ಬಾವಿಗಳ ನೀರಿನ ಮಟ್ಟವನ್ನು ಹೋಲಿಸಲು ಈ ಎತ್ತರಗಳನ್ನು ನಾನು ಎಂದೂ ಬಳಸುವುದಿಲ್ಲ. ಅಂಥ ಸಂದರ್ಭ ಒಮ್ಮೆ ಬಂದಾಗ, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯನ್ನೇ ಹಿಡಿದು, ಗಿಡಗಳ ಸಾಲಿನ ನಡುವೆ ಹಂತ ಹಂತವಾಗಿ ಅರ್ಧ ದಿನ ಅಳೆದೆವು.

ಪದರಗಳನ್ನು ಗೆರೆಯಾಗಿಸುವ ಕೆಲಸ ನಾನು ಹೆದರಿದ್ದಷ್ಟು ಕಷ್ಟವಿರಲಿಲ್ಲ. ಜಿಯೊಮೆಟ್ರಿ ಬೈ ಎಕ್ಸ್‌ಪ್ರೆಶನ್ ಎಂಬ ಸಾಧನದಲ್ಲಿ, ಪ್ರತಿ ಸಾಲಿಗೂ ಬಾಯಿಯ ಎತ್ತರದಿಂದ ಪದರದ ಮೇಲಿನ ಆಳವನ್ನು ಕಳೆದು ಒಂದು ಬಿಂದು, ಕೆಳಗಿನ ಆಳವನ್ನು ಕಳೆದು ಇನ್ನೊಂದು ಬಿಂದು ಮಾಡಿ, ಎರಡನ್ನೂ ಮೂರನೆಯ ಆಯಾಮ ಸಹಿತ ಗೆರೆಯಿಂದ ಜೋಡಿಸಿದರೆ ಮುಗಿಯಿತು. ಮೇಲೆ ಹೇಳಿದ 948 ಮೀಟರಿನ ಜಾಗದ ಬಾವಿಯಲ್ಲಿ ಕೇಸಿಂಗ್ 80 ಅಡಿ, ಒಟ್ಟು ಆಳ 410 ಅಡಿ. ಹೀಗಾಗಿ ಮಣ್ಣು ಮತ್ತು ಶಿಥಿಲ ಕಲ್ಲಿನ ಗೆರೆ 948ರಿಂದ 923.6 ಮೀಟರಿನವರೆಗೆ, ಬಂಡೆಯ ಗೆರೆ ಅಲ್ಲಿಂದ 823ರವರೆಗೆ. ನೀರು ಸಿಕ್ಕ ಬಿರುಕುಗಳನ್ನು ಬೇರೆ ಲೇಯರಿನಲ್ಲಿ ಬಿಂದುಗಳಾಗಿ ಇಟ್ಟೆ. ಸಾಮಾನ್ಯ ನಕ್ಷೆಯಲ್ಲಿ ಈ ಗೆರೆಗಳು ಕಾಣುವುದೇ ಇಲ್ಲ. ನೇರ ಕೆಳಗಿಳಿಯುವ ಗೆರೆಗೆ ಮೇಲಿನಿಂದ ನೋಡಿದಾಗ ಉದ್ದವೇ ಇರುವುದಿಲ್ಲವಷ್ಟೆ.

2018ರಲ್ಲಿ ಬಂದ 3.0 ಆವೃತ್ತಿಯಿಂದ ಕ್ಯೂಜಿಐಎಸ್‌ನಲ್ಲಿ ಮೂರು ಆಯಾಮದ ನೋಟ ಅಡಕವಾಗಿದೆ. ಅದನ್ನು ತೆರೆದಾಗ ನನ್ನ ಬಾವಿಗಳೆಲ್ಲ ಆಕಾಶದಲ್ಲಿ ತೂಗಾಡುತ್ತಿದ್ದವು. ಎತ್ತರವನ್ನು ನೆಲಕ್ಕೆ ಸಾಪೇಕ್ಷವೆಂದು ತಂತ್ರಾಂಶ ತಿಳಿದುಕೊಂಡು, 948 ಮೀಟರಿನ ನೆಲದ ಮೇಲೆ ಇನ್ನೊಂದು 948ನ್ನು ಕೂಡಿಸಿತ್ತು. 1,748 ಮೀಟರಿನ ತಡಿಯಂಡಮೋಳ್ ಬೆಟ್ಟಕ್ಕಿಂತಲೂ ಮೇಲೆ ಸುಂಟಿಕೊಪ್ಪದ ಬೋರ್‌ವೆಲ್! ಆಲ್ಟಿಟ್ಯೂಡ್ ಕ್ಲ್ಯಾಂಪಿಂಗ್ ಎಂಬಲ್ಲಿ ಆಬ್ಸೊಲ್ಯೂಟ್ ಎಂದು ಬದಲಿಸಿದ ತಕ್ಷಣ ಅವು ಕೆಳಗಿಳಿದವು, ಇಳಿದು ನೆಲದೊಳಗೆ ಮರೆಯಾದವು. ನೆಲದ ಹೊದಿಕೆಯನ್ನು ಮರೆಮಾಡಿದರೆ ಮಾತ್ರ ಅವು ಕಾಣುತ್ತಿದ್ದವು, ಆಗ ಬೆಟ್ಟವಿಲ್ಲದ ಬಾವಿಗಳ ತೋಪು ಉಳಿಯುತ್ತಿತ್ತು. ತೋಟದವರಿಗೆ ತೋರಿಸಲು ಈ ನೋಟ ಚೆನ್ನಾಗಿದೆ. ನಾನು ತೀರ್ಮಾನ ಮಾಡಲು ಅದನ್ನು ಬಳಸಿದ್ದು ಕಡಿಮೆ.

ನನಗೆ ಒದಗಿದ್ದು ಅಡ್ಡಸೀಳು. 2022ರ 3.26 ಆವೃತ್ತಿಯಲ್ಲಿ ಬಂದ ಎಲಿವೇಶನ್ ಪ್ರೊಫೈಲ್ ಸಾಧನದಲ್ಲಿ ನಕ್ಷೆಯ ಮೇಲೆ ಗೆರೆ ಎಳೆದರೆ, ಆ ಗೆರೆಯಗುಂಟ ನೆಲ ಏರಿಳಿಯುವುದೂ, ನಾವು ಕೊಟ್ಟ ದೂರದೊಳಗಿನ ಬಾವಿಗಳ ಪದರಗಳೂ ಒಟ್ಟಿಗೆ ಮೂಡುತ್ತವೆ. ಬೆಟ್ಟದ ನೆತ್ತಿಯಿಂದ ತೋಡೆಂಬ ಸಣ್ಣ ಹಳ್ಳದವರೆಗೆ ಮೊದಲ ಸೀಳನ್ನು ಎಳೆದಾಗ, ಬಾಣೆಯ (ಗದ್ದೆಯ ಮೇಲ್ಭಾಗದ ಗುಡ್ಡದ ಜಮೀನಿನ) ಕಡೆ ಉದ್ದವಾಗಿದ್ದ ಮಣ್ಣಿನ ಗೆರೆಗಳು ಗದ್ದೆಯತ್ತ ಬರುತ್ತ ಗಿಡ್ಡವಾದದ್ದನ್ನು ಕಂಡು ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಬಿಲ್ಲುಗಳಲ್ಲಿ ಅದು ಮೊದಲಿನಿಂದಲೂ ಇತ್ತು, ನನಗೆ ಕಂಡಿರಲಿಲ್ಲ. ಆದರೆ ಇಲ್ಲಿಯೂ ಕೊಡಗಿನ ಇಳಿಜಾರು ತನ್ನ ಸುಂಕ ಕೇಳುತ್ತದೆ. ದೂರವನ್ನು 200 ಮೀಟರ್ ಎಂದು ಕೊಟ್ಟರೆ, ಗೆರೆಯಿಂದ ಪಕ್ಕಕ್ಕಿರುವ ಬಾವಿಯ ನೆಲ ಗೆರೆಯ ನೆಲಕ್ಕಿಂತ 40 ಮೀಟರ್ ಮೇಲಿರಬಹುದು. ಸೀಳಿನಲ್ಲಿ ಅದು ಗಾಳಿಯಲ್ಲಿ ನಿಲ್ಲುತ್ತದೆ. ದೂರವನ್ನು 50 ಮೀಟರಿಗೆ ಇಳಿಸಿದರೆ ಬಾವಿಗಳೇ ಉಳಿಯುವುದಿಲ್ಲ. ಕೊನೆಗೆ ಸೀಳನ್ನು ನೇರವಾಗಿ ಎಳೆಯುವ ಹಟ ಬಿಟ್ಟು, ಬಾವಿಯಿಂದ ಬಾವಿಗೆ ಹಾಯುವ ಅಂಕುಡೊಂಕು ಗೆರೆಯನ್ನೇ ಎಳೆಯತೊಡಗಿದೆ. ನೋಡಲು ಸೊಗಸಿಲ್ಲ, ಆದರೆ ಸುಳ್ಳು ಕಡಿಮೆ.

ಬಂಡೆಯ ಮೇಲ್ಮೈಯನ್ನು ಇಡೀ ಪ್ರದೇಶಕ್ಕೆ ಹರಡುವಾಗ, ಮೊದಲು ಬಂಡೆಯ ಎತ್ತರವನ್ನೇ ಬಾವಿಗಳ ನಡುವೆ ಅಂದಾಜಿಸಿದ್ದೆ. ಪರಿಣಾಮವಾಗಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಬಂಡೆ ನೆಲಕ್ಕಿಂತ ಮೇಲೆ ಬಂದು ನಿಂತಿತು. ಆಮೇಲೆ ಮಣ್ಣಿನ ದಪ್ಪವನ್ನು ಅಂದಾಜಿಸಿ, ಅದನ್ನು ನೆಲದ ಎತ್ತರದಿಂದ ಕಳೆಯುವ ಕ್ರಮಕ್ಕೆ ಬಂದೆ. ಹೊಳೆಯ ತಳದಲ್ಲಿ ಕಲ್ಲು ಬರಿದಾಗಿ ಕಾಣುವ ಜಾಗಗಳಿಗೆ ನಡೆದು ಹೋಗಿ, ಅವನ್ನು ದಪ್ಪ ಸೊನ್ನೆ ಎಂದು ಸೇರಿಸಿದೆ. ಕಾಸು ಖರ್ಚಿಲ್ಲದ ಆ ಬಿಂದುಗಳು ಮಾದರಿಯನ್ನು ತಿದ್ದಿದಷ್ಟು ಬೇರೇನೂ ತಿದ್ದಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ಸಿಗುವ ಶಿಲಾನಕ್ಷೆಯನ್ನು ಅಡಿಯಲ್ಲಿ ಹಾಸಿಕೊಂಡದ್ದೂ ಉಪಯೋಗಕ್ಕೆ ಬಂತು. ಅತ್ಯಂತ ಹತ್ತಿರದ ಬಾವಿಯಿಂದ 300 ಮೀಟರಿಗಿಂತ ದೂರವಿರುವ ಜಾಗವನ್ನು ನಾನು ಬಣ್ಣವಿಲ್ಲದೆ ಬಿಡುತ್ತೇನೆ. ತಂತ್ರಾಂಶ ಎಲ್ಲವನ್ನೂ ತುಂಬಿಕೊಡಲು ಸಿದ್ಧವಿರುತ್ತದೆ, ಬೇಡವೆನ್ನಬೇಕಾದವರು ನಾವು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಬಳಿಕ, ಈ ಸೀಳುಗಳನ್ನು ನೋಡಿದವರೆಲ್ಲ ಮನೆ ಕಟ್ಟಬಹುದೇ ಎಂದು ಕೇಳುತ್ತಾರೆ. ಮಣ್ಣಿನ ದಪ್ಪವೊಂದರಿಂದ ಅದನ್ನು ಹೇಳಲಾಗದು. ಮಣ್ಣಿನ ಬಲ, ಅದರೊಳಗಿನ ನೀರಿನ ಒತ್ತಡ, ಗುಡ್ಡ ಕಡಿದ ರೀತಿ, ಇವು ಯಾವುವೂ ಕೇಸಿಂಗ್ ಬಿಲ್ಲಿನಲ್ಲಿ ಇರುವುದಿಲ್ಲ. ಆ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಹಿರಿಯ ಬೆಳೆಗಾರರೊಬ್ಬರು ತಮ್ಮ ಮೇಲಿನ ಬಾಣೆಯಲ್ಲಿ ಕೊರೆಸಬೇಕೆಂದು ಕರೆಸಿದರು. ನನ್ನ ನಕ್ಷೆಯಲ್ಲಿ ಅದು ಬಣ್ಣವಿಲ್ಲದ ಜಾಗ. ಕೆಳಗಿನ ಬಾವಿಗಳನ್ನು ಹಿಡಿದು ಅಂದಾಜಿಸಿದರೆ ಅರವತ್ತು ಅಡಿ ಕೇಸಿಂಗ್ ಎನ್ನಬಹುದು, ಆದರೆ ಅದನ್ನು ನಂಬಬೇಡಿ ಎಂದೆ. "ಅಷ್ಟೆಲ್ಲ ಕಂಪ್ಯೂಟರ್ ಇಟ್ಟುಕೊಂಡು ಇದನ್ನು ಹೇಳಲಿಕ್ಕೆ ಬಂದದ್ದಾ?" ಎಂದು ನಕ್ಕು, ಅವರು ಲಾರಿ ತರಿಸಿದರು. ಮರುದಿನ ಸಂಜೆ ಫೋನ್ ಮಾಡಿ, "ನೂರ ನಲವತ್ತು ಅಡಿ ಹೋಯಿತು ಮಾರಾಯ, ಏಳು ಪೈಪು. ನಾನೇ ನಿಂತು ಎಣಿಸಿದ್ದೇನೆ, ಬರೆದುಕೊ" ಎಂದರು.