ಮಿಕ್ಸಿ ಕೆಟ್ಟುಹೋಗಲಿ ಅಂತ ಯೋಚಿಸು ಎಂದೆ

ನನ್ನ ಬಳಿ ಕೌನ್ಸೆಲಿಂಗಿಗೆ ಬಂದವನು ಪುತ್ತೂರು ಕಡೆಯ ಪಿಯುಸಿ ಹುಡುಗ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅಜ್ಜಿ ಸಾಯುವ ಯೋಚನೆ ತಲೆಗೆ ಬಂತೆಂದರೆ ದಾರಂದವನ್ನು ನಾಲ್ಕು ಸಲ ಮುಟ್ಟಬೇಕು. ಇಲ್ಲವಾದರೆ ಅಜ್ಜಿ ಹೋಗಿಯೇಬಿಡುತ್ತಾರೆ, ಪಾಪ ತನಗೇ ಎಂಬ ಗೀಳು. ಗೀಳುರೋಗ (ಒಸಿಡಿ) ಎಷ್ಟು ಜೋರು ಎಂದು 40ಕ್ಕೆ ಅಳೆಯುವ ವೈಬಾಕ್ಸ್ ಅಂಕ 28 ಇತ್ತೋ 29 ಇತ್ತೋ, ಅಂತೂ ತೀವ್ರವೇ.

ಮೊದಲ ಎರಡು ತಿಂಗಳು ಕೆಡಿಸಿದ್ದು ನಾನೇ. ವಾದಕ್ಕಿಳಿದೆ. ಯೋಚನೆಯಿಂದ ಯಾರಾದರೂ ಸತ್ತದ್ದುಂಟಾ ಎಂದು ಕಾಗದದ ಮೇಲೆ ಲೆಕ್ಕ ಹಾಕಿಸಿದೆ. ಹುಡುಗ ಜಾಣ, ಅದನ್ನು ಬಾಯಿಪಾಠ ಮಾಡಿ ಹೆದರಿಕೆಯಾದಾಗೆಲ್ಲ ಮಂತ್ರದ ಹಾಗೆ ಹೇಳತೊಡಗಿದ. ಇದ್ದ ಆಚರಣೆಗೆ ನಾನೇ ಇನ್ನೊಂದು ಸೇರಿಸಿದಂತಾಯಿತು! ಕೈಗೆ ರಬ್ಬರ್ ಬ್ಯಾಂಡ್ ಹಾಕಿಸಿ, ಅದನ್ನು ಎಳೆದು ಚಟ್ಟನೆ ಬಿಡಿಸಿ ಯೋಚನೆ ತಡೆಯಲು ಹೊರಟದ್ದೂ ಆಯಿತು, ಬಿಳಿ ಕರಡಿಯ ಬಗ್ಗೆ ಯೋಚಿಸಬೇಡ ಎಂದರೆ ಅದೇ ತಲೆಗೆ ಬರುತ್ತದೆ ಎಂದು ಮನೋವಿಜ್ಞಾನಿ ವೆಗ್ನರ್ 1987ರಲ್ಲೇ ಪ್ರಯೋಗದಲ್ಲಿ ತೋರಿಸಿದ್ದನ್ನು ಮರೆತು. 6,000 ರೂಪಾಯಿಗೆ ಅಚ್ಚು ಹಾಕಿಸಿದ ವರ್ಕ್‌ಬುಕ್ಕುಗಳು ಈಗಲೂ ಅಟ್ಟದಲ್ಲಿವೆ. ಮನೆಯವರು ಹೋಮ, ಶಾಂತಿ ಅಂತ 40,000ದಷ್ಟು ಸುರಿದು ಬಂದವರು. ನನ್ನ 500ರ ಫೀಸಿಗೆ ಮಾತ್ರ ಚೌಕಾಸಿ.

ಕೊನೆಗೆ ಇಆರ್‌ಪಿಗೇ ಇಳಿದೆ, ಅಂದರೆ ಹೆದರಿಕೆಯನ್ನು ಬೇಕೆಂದೇ ಎದುರಿಸಿ ಆಚರಣೆ ಮಾಡದೆ ಇರುವ ಚಿಕಿತ್ಸೆಗೆ. ಗೀಳಿಗೆ ಫ್ಲುಯೋಕ್ಸೆಟಿನ್ ಮಾತ್ರೆ ಬರೆಯುತ್ತಿದ್ದ ಡಾಕ್ಟರು, "ಹರೆಯದ ಹುಡುಗ, ಹೆದರಿ ಓಡ್ತಾನೆ" ಎಂದು ನಕ್ಕರು. ಮಾತ್ರೆ ನಿಲ್ಲಿಸಲಿಲ್ಲ, ಅದು ಅದರ ಪಾಡಿಗೆ ನಡೆಯಿತು. ಅಜ್ಜಿಯ ತಂಟೆಗೆ ಹೋಗದೆ, ಒಂದು ವಾರ ಮನೆಯ ಮಿಕ್ಸಿ ಕೆಟ್ಟುಹೋಗಲಿ ಅಂತ ದಿನಾ ಯೋಚಿಸಲು ಹೇಳಿದೆ. ಎಂಟನೇ ದಿನ ಬಂದವನೇ, "ಸರ್, ಅದು ತಿರುಗ್ತಾನೇ ಉಂಟು" ಎಂದ. ಆಮೇಲೆ 'ಅಜ್ಜಿಗೆ ಜ್ವರ ಬರಲಿ' ಎಂದು ಬರೆದು 20 ನಿಮಿಷ ದಾರಂದ ಮುಟ್ಟದೆ ಕೂರುವುದು. ಸೋದರಮಾವನಿಗೆ ಇದು ಅಪಶಕುನ. ಅಜ್ಜಿಯೇ, "ಬರೀಲಿ ಮಾರಾಯಾ, ನನಗೆ 82 ಆಯ್ತು" ಎಂದು ಅವನ ಬಾಯಿ ಮುಚ್ಚಿಸಿದರು.

ನಿಜವಾದ ಕುಸ್ತಿ ಅಮ್ಮನ ಜೊತೆ. "ಅಮ್ಮಾ, ಏನೂ ಆಗುದಿಲ್ಲ ಅಲ್ವಾ?" ಎಂದು ದಿನಕ್ಕೆ ನಲವತ್ತೈವತ್ತು ಸಲ ಅವನು ಕೇಳುವುದು, ಅಷ್ಟೂ ಸಲ ಇವರು "ಇಲ್ಲ ಮಗಾ" ಎನ್ನುವುದು. ಆ ಉತ್ತರ ನಿಂತ ಮೇಲೇ ಅಂಕ ಇಳಿಯಿತು. ಅದರ ಬದಲಿಗೆ ಏನು ಹೇಳಿಸಿದೆ ಎಂಬುದು ನನ್ನಲ್ಲೇ ಇರಲಿ. ಹದಿನಾಲ್ಕು ಸಿಟಿಂಗಿಗೆ 11ಕ್ಕೆ ಬಂತು. ಈಗ ಆ ಡಾಕ್ಟರೇ ಹುಡುಗರನ್ನು ಕಳಿಸುತ್ತಾರೆ, ಆವತ್ತು ನಕ್ಕದ್ದು ಅವರಿಗೆ ನೆನಪಿಲ್ಲವಂತೆ.

ಹಾಗೆ ಬಂದ ಎರಡನೇ ಕೇಸಿನ ಹುಡುಗಿಯ ಮನೆಯಲ್ಲಿ ಮೂರನೇ ದಿನಕ್ಕೇ ಮಿಕ್ಸಿ ಸುಟ್ಟುಹೋಯಿತು. ಮೋಟಾರು ಹನ್ನೆರಡು ವರ್ಷ ಹಳೆಯದು, ನಾನು ಕೇಳಿರಲಿಲ್ಲ. ಮೂರು ಸಿಟಿಂಗ್ ಅವಳ ಅಳು ನಿಲ್ಲಿಸುವುದಕ್ಕೇ ಹೋಯಿತು, ರಿಪೇರಿಯ 1,800 ನನ್ನ ಜೇಬಿನಿಂದ. ಈಗೆಲ್ಲ ನನ್ನ ಕೋಣೆಯ ಫ್ಯಾನನ್ನೇ ತೋರಿಸಿ, ಇದನ್ನು ಕೆಡಿಸು ನೋಡೋಣ ಎನ್ನುತ್ತೇನೆ.