ಹೆಂಡತಿಯ ಹೆಸರನ್ನು ಮತ್ತೆ ಟೈಟಲ್‌ಗೆ ತಂದದ್ದು: ಕ್ಯಾಲಿಫೋರ್ನಿಯಾದ ಕ್ವಿಟ್‌ಕ್ಲೇಮ್ ಡೀಡ್, ನನ್ನ ಅನುಭವ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳುವಾಗ ಲೋನ್ ಗಂಡನ ಹೆಸರಲ್ಲಿ ಮಾತ್ರ ಇದ್ದರೆ, ಎಸ್ಕ್ರೋದವರು, ಅಂದರೆ ಖರೀದಿಯ ಹಣ-ಕಾಗದ ನಡುವೆ ನಿಂತು ನೋಡಿಕೊಳ್ಳುವವರು, ಕೊಡುವ ದಪ್ಪ ಕಟ್ಟಿನಲ್ಲಿ ಹೆಂಡತಿಯ ಸಹಿಗೆಂದೇ ಒಂದು ಹಾಳೆ ಇರುವುದು ಮಾಮೂಲು. ಅದು ಕ್ವಿಟ್‌ಕ್ಲೇಮ್ ಡೀಡ್, ಇಲ್ಲವೇ ಇಂಟರ್‌ಸ್ಪೌಸಲ್ ಗ್ರಾಂಟ್ ಡೀಡ್, ಅಂದರೆ ಗಂಡಹೆಂಡಿರ ನಡುವೆ ಸ್ವತ್ತು ಬರೆದುಕೊಡುವ ಪತ್ರ. ಎಚ್-4 ವೀಸಾದಲ್ಲಿ (ಕೆಲಸದ ವೀಸಾದಲ್ಲಿ ಬಂದವರ ಸಂಗಾತಿಗೆ ಸಿಗುವುದು) ಸಂಬಳವಿಲ್ಲದೆ ಇರುವ ನಮ್ಮ ಹೆಣ್ಣುಮಕ್ಕಳ ಮುಂದೆ ಈ ಹಾಳೆ ಮತ್ತೆ ಮತ್ತೆ ಬರುತ್ತದೆ. ‘ಫಾರ್ಮಾಲಿಟಿ ಅಷ್ಟೇ’ ಎನ್ನುವ ಮಾತೂ ಜೊತೆಗೇ ಬರುತ್ತದೆ. ನಮ್ಮ ಮನೆಯ ಟೈಟಲ್‌ನಿಂದ, ಅಂದರೆ ಮಾಲೀಕತ್ವದ ದಾಖಲೆಯಿಂದ, ಹೆಂಡತಿಯ ಹೆಸರು ಹೋದದ್ದು ಇದೇ ಹಾಳೆಯಿಂದ. ಅದನ್ನು ವಾಪಸ್ ತರಲು ಮಾಡಿದ ಕೆಲಸವನ್ನು ಇಲ್ಲಿ ಬರೆದಿದ್ದೇನೆ.

ಊರಿನ ಹಕ್ಕು ಖುಲಾಸೆ ಪತ್ರ ಕಂಡವರಿಗೆ ಕ್ವಿಟ್‌ಕ್ಲೇಮ್ ಅರ್ಧ ಅರ್ಥವಾದಂತೆಯೇ. ‘ಈ ಸ್ವತ್ತಿನಲ್ಲಿ ನನಗೆ ಏನಾದರೂ ಹಕ್ಕಿದ್ದರೆ ಅದನ್ನು ಬಿಟ್ಟುಕೊಟ್ಟಿದ್ದೇನೆ’ ಎಂದಷ್ಟೇ ಅದು ಹೇಳುತ್ತದೆ. ಹಕ್ಕು ಇದೆ ಎಂಬ ಭರವಸೆ ಕೊಡುವುದಿಲ್ಲ. ಗ್ರಾಂಟ್ ಡೀಡ್‌ನಲ್ಲಾದರೆ, ಇದನ್ನು ಹಿಂದೆ ಬೇರೆಯವರಿಗೆ ಬರೆದುಕೊಟ್ಟಿಲ್ಲ, ನಾನಾಗಿ ಇದರ ಮೇಲೆ ಮುಚ್ಚಿಟ್ಟ ಋಣಭಾರ ಹೊರಿಸಿಲ್ಲ ಎಂಬ ಎರಡು ಭರವಸೆಗಳು ಕಾನೂನಿನಿಂದಲೇ ಸೇರಿಕೊಳ್ಳುತ್ತವೆ. ಬರೆದುಕೊಟ್ಟವರಿಗೆ ಮುಂದೆ ಬರುವ ಹಕ್ಕು ಕೂಡ ಗ್ರಾಂಟ್ ಡೀಡ್‌ನಲ್ಲಿ ಪಡೆದವರಿಗೆ ಸೇರುತ್ತದೆ, ಕ್ವಿಟ್‌ಕ್ಲೇಮ್‌ನಲ್ಲಿ ಸೇರುವುದಿಲ್ಲ. ಹಾಗಾಗಿ ಹೆಸರು ಸೇರಿಸಲು ನಾನು ಕ್ವಿಟ್‌ಕ್ಲೇಮ್ ಫಾರಂ ಮುಟ್ಟಲಿಲ್ಲ, ಇಂಟರ್‌ಸ್ಪೌಸಲ್ ಗ್ರಾಂಟ್ ಡೀಡ್ ಬಳಸಿದೆ.

ಅದಕ್ಕೂ ಮೊದಲು ಯಾವ ಸ್ವತ್ತು ಯಾರದು ಎಂದು ತಿಳಿದಿರಬೇಕು. ಕ್ಯಾಲಿಫೋರ್ನಿಯಾ ಕಮ್ಯುನಿಟಿ ಪ್ರಾಪರ್ಟಿ ರಾಜ್ಯ. ಮದುವೆಯ ನಂತರ ಇಲ್ಲಿ ವಾಸವಿದ್ದು ದುಡಿದ ಹಣದಲ್ಲಿ ಕೊಂಡದ್ದು, ಯಾರ ಹೆಸರಲ್ಲೇ ಇರಲಿ, ಸಾಮಾನ್ಯವಾಗಿ ಇಬ್ಬರಿಗೂ ಸಮಪಾಲು. ಮದುವೆಗೆ ಮುಂಚಿನದು, ಉಡುಗೊರೆಯಾಗಿ ಬಂದದ್ದು, ಪಿತ್ರಾರ್ಜಿತ, ಇವು ಮಾತ್ರ ಪ್ರತ್ಯೇಕ. ಗಂಡನ ಸಂಬಳದಲ್ಲಿ ಗಂಡನ ಹೆಸರಿಗೆ ಕೊಂಡದ್ದು ಗಂಡನದೇ ಎಂಬ ಊರಿನ ಲೆಕ್ಕ ಇಲ್ಲಿ ನಡೆಯದು. ಹಾಗಾದರೆ ಆ ಒಂದು ಹಾಳೆ ಏನು ಮಾಡುತ್ತದೆ? ಸಮಪಾಲನ್ನು ಗಂಡನ ಪ್ರತ್ಯೇಕ ಸ್ವತ್ತಾಗಿ ಬದಲಿಸಲು ಹೊರಡುತ್ತದೆ. ಇದಕ್ಕೆ ಟ್ರಾನ್ಸ್‌ಮ್ಯುಟೇಶನ್ ಎನ್ನುತ್ತಾರೆ. ಫ್ಯಾಮಿಲಿ ಕೋಡ್ 852ರ ಪ್ರಕಾರ ಅದು ಬರಹದಲ್ಲಿರಬೇಕು, ನಷ್ಟವಾಗುವವರು ಸ್ಪಷ್ಟ ಮಾತಿನಲ್ಲಿ ಒಪ್ಪಿರಬೇಕು.

ಸಹಿ ಹಾಕಿಯಾಯಿತು, ಇನ್ನು ದಾರಿಯೇ ಇಲ್ಲ ಎಂದು ಕೈಚೆಲ್ಲಬೇಕಿಲ್ಲ. ಗಂಡಹೆಂಡಿರ ವ್ಯವಹಾರದಲ್ಲಿ ಒಬ್ಬರಿಗೆ ಲಾಭವಾದರೆ ಅದರಲ್ಲಿ ಅನುಚಿತ ಪ್ರಭಾವ ಇತ್ತೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. 1995ರ ಹೇಯ್ನ್ಸ್ ಪ್ರಕರಣ ಕ್ವಿಟ್‌ಕ್ಲೇಮ್ ಬಗ್ಗೆಯೇ ಇತ್ತು. ಹೆಂಡತಿ ತಿಳಿದು, ತಾನಾಗಿಯೇ ಸಹಿ ಹಾಕಿದಳು ಎಂದು ತೋರಿಸುವ ಭಾರ ಲಾಭ ಪಡೆದವನ ಮೇಲೆ. ಆದರೆ ಅದು ವಿಚ್ಛೇದನದ ವೇಳೆ ವಕೀಲರ ಫೀಸು ಸುರಿದು ಆಡುವ ವಾದ. ಸಂಸಾರ ಚೆನ್ನಾಗಿರುವಾಗಲೇ ಕಾಗದ ಸರಿಮಾಡಿಕೊಳ್ಳುವುದು ಅಗ್ಗ.

ಕೆಲಸ ಶುರುವಾಗುವುದು ಕೌಂಟಿ ರೆಕಾರ್ಡರ್ ಕಚೇರಿಯಿಂದ ಈಗಿನ ಡೀಡ್‌ನ ಪ್ರತಿ ತರಿಸುವುದರಿಂದ. ಅದರಲ್ಲಿರುವ ಸ್ವತ್ತಿನ ವಿವರಣೆಯನ್ನು, ಅಂದರೆ ಲಾಟ್, ಟ್ರ್ಯಾಕ್ಟ್, ಮ್ಯಾಪ್ ಪುಸ್ತಕ, ಪುಟ ಎಲ್ಲವನ್ನೂ, ಅಕ್ಷರ ಬಿಡದೆ ನಕಲು ಮಾಡಬೇಕು. ಮನೆ ವಿಳಾಸ ಇದರ ಬದಲಿಗೆ ನಡೆಯದು. ಪಾರ್ಸೆಲ್ ಸಂಖ್ಯೆಯನ್ನು ತೆರಿಗೆ ಬಿಲ್ ಜೊತೆ ತಾಳೆ ನೋಡಿದೆ. ಬರೆದುಕೊಡುವವರ ಹೆಸರು ಹಳೆಯ ಡೀಡ್‌ನಲ್ಲಿ ಇದ್ದಂತೆಯೇ ಇರಬೇಕು. ಕನ್ನಡಿಗರು ಎಡವುವುದು ಇಲ್ಲೇ: ಡೀಡ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಲೈಸೆನ್ಸ್‌ನಲ್ಲಿ ಊರಿನ ಹೆಸರು. ಈಗಿನ ಹೆಸರು ಬರೆದು, ‘ಇಂಥ ಹೆಸರಿನಲ್ಲಿ ಟೈಟಲ್ ಪಡೆದವರು’ ಎಂದು ಮುಂದೆ ಸೇರಿಸಿದರೆ ತೊಡಕು ತಪ್ಪುತ್ತದೆ.

ಪಡೆಯುವವರ ಸಾಲಿನಲ್ಲಿ ಇಬ್ಬರ ಹೆಸರೂ ಬರೆದು, ‘ಕಮ್ಯುನಿಟಿ ಪ್ರಾಪರ್ಟಿ ವಿತ್ ರೈಟ್ ಆಫ್ ಸರ್ವೈವರ್‌ಶಿಪ್’ ಎಂದು ನಮೂದಿಸಿದೆವು. 2001ರ ಜುಲೈ 1ರಿಂದ ಈ ಬಗೆ ಇದೆ. ಒಪ್ಪಿಗೆಯ ಸಾಲು ಹಾಕಿ ಇಬ್ಬರೂ ಡೀಡ್ ಮೇಲೆಯೇ ಇನಿಶಿಯಲ್ ಹಾಕಿದೆವು. ಒಬ್ಬರು ತೀರಿಕೊಂಡರೆ ಪ್ರೊಬೇಟ್ (ಆಸ್ತಿ ಹಂಚಿಕೆಯ ಕೋರ್ಟ್ ಪ್ರಕ್ರಿಯೆ) ಇಲ್ಲದೆ ಮನೆ ಇನ್ನೊಬ್ಬರಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಲಾಭ ತೆರಿಗೆಯದು. 8 ಲಕ್ಷ ಡಾಲರಿಗೆ ಕೊಂಡ ಮನೆ ಒಬ್ಬರು ತೀರಿಕೊಂಡ ದಿನ 20 ಲಕ್ಷ ಬಾಳುತ್ತಿದ್ದರೆ, ಕಮ್ಯುನಿಟಿ ಪ್ರಾಪರ್ಟಿಗೆ ಇಡೀ ಮನೆಯ ಮೂಲಬೆಲೆ, ಅಂದರೆ ಮುಂದೆ ಮಾರಿದಾಗ ತೆರಿಗೆಯ ಲಾಭ ಲೆಕ್ಕ ಹಾಕಲು ಹಿಡಿಯುವ ಬೆಲೆ, 20 ಲಕ್ಷಕ್ಕೆ ಏರುತ್ತದೆ. ಬರೀ ಜಾಯಿಂಟ್ ಟೆನೆನ್ಸಿ (ಸಾಮಾನ್ಯ ಜಂಟಿ ಒಡೆತನ) ಎಂದು ಪರಿಗಣಿಸಿದರೆ ಅರ್ಧ ಮಾತ್ರ ಏರಿ 14 ಲಕ್ಷಕ್ಕೆ ನಿಲ್ಲುತ್ತದೆ.

ಬರೆದುಕೊಡುವವರು ನೋಟರಿ ಎದುರು ಹಾಜರಾಗಬೇಕು. ಸಹಿಯೊಂದಕ್ಕೆ ಹೆಚ್ಚೆಂದರೆ 15 ಡಾಲರ್. ಡೀಡ್ ಆದ್ದರಿಂದ ನೋಟರಿಯ ಜರ್ನಲ್‌ನಲ್ಲಿ ಬಲಗೈ ಹೆಬ್ಬೆಟ್ಟೂ ಒತ್ತಬೇಕು. ಸಹಿ ಹಾಕಬೇಕಾದವರು ಊರಿಗೆ ಹೋಗಿದ್ದರೆ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಮಾಡಿಸಬಹುದು, ಮುದ್ರೆಯೊಂದಕ್ಕೆ 50 ಡಾಲರ್.

ಡೀಡ್ ಜೊತೆ ಬಿಒಇ-502-ಎ ಫಾರಂ (ಮಾಲೀಕತ್ವ ಬದಲಾವಣೆಯ ವರದಿ) ಕೊಡಬೇಕು, ಮರೆತರೆ 20 ಡಾಲರ್ ಹೆಚ್ಚುವರಿ. ಅದರ ಮೊದಲ ಭಾಗದಲ್ಲಿ ದಂಪತಿಗಳ ನಡುವಿನ ವರ್ಗಾವಣೆ ಎಂಬುದಕ್ಕೆ ಗುರುತು ಹಾಕಿ. ಆಗ ಪ್ರಾಪರ್ಟಿ ಟ್ಯಾಕ್ಸ್‌ನ ಹಳೆಯ ಮೌಲ್ಯ ಹಾಗೇ ಉಳಿಯುತ್ತದೆ. ಟ್ರಾನ್ಸ್‌ಫರ್ ಟ್ಯಾಕ್ಸ್ ಸಾಲಿನಲ್ಲಿ ಸುಮ್ಮನೆ ಸೊನ್ನೆ ಬರೆದರೆ ಸಾಲದು. ಉಡುಗೊರೆ ಎಂದೂ ರೆವಿನ್ಯೂ ಅಂಡ್ ಟ್ಯಾಕ್ಸೇಶನ್ ಕೋಡ್‌ನ ಸೆಕ್ಷನ್ 11930 ಎಂದೂ ಕಾರಣ ಕೊಡಬೇಕು. ಹಾಗೆಯೇ 75 ಡಾಲರಿನ ವಸತಿ ಶುಲ್ಕ: ತಾವೇ ವಾಸಿಸುವ ಮನೆಗೆ ವಿನಾಯಿತಿ ಇದೆ, ಆದರೆ ಗವರ್ನಮೆಂಟ್ ಕೋಡ್ 27388.1 ಎಂದು ಡೀಡ್‌ನ ಮುಖಪುಟದಲ್ಲಿ ಬರೆದವರಿಗೆ ಮಾತ್ರ. ಮೊದಲ ಪುಟದ ಮೇಲ್ಭಾಗದಲ್ಲಿ ಎರಡೂವರೆ ಇಂಚು ಖಾಲಿ ಬಿಡಬೇಕು, ಅದರ ಬಲಗಡೆಯ ಐದು ಇಂಚು ರೆಕಾರ್ಡರ್ ಮುದ್ರೆಗೆ. ತೆರಿಗೆ ಬಿಲ್ ಕಳಿಸಬೇಕಾದ ವಿಳಾಸ ಬಿಟ್ಟುಹೋದರೂ ಕಾಗದ ವಾಪಸ್ ಬರುತ್ತದೆ.

ಬ್ಯಾಂಕ್ ಬಗ್ಗೆ ಅಂಜಿಕೆ ಬೇಡ. ಸಂಗಾತಿಯನ್ನು ಟೈಟಲ್‌ಗೆ ಸೇರಿಸಿದ ಕಾರಣಕ್ಕೆ ಪೂರ್ತಿ ಸಾಲ ಕಟ್ಟಿ ಎನ್ನಲು 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯ್ದೆ ಬಿಡುವುದಿಲ್ಲ. ಟೈಟಲ್ ಬೇರೆ, ಲೋನ್ ಬೇರೆ. ವಿಚ್ಛೇದನದಲ್ಲಿ ಈ ಗೊಂದಲ ದುಬಾರಿಯಾಗುತ್ತದೆ: ಕ್ವಿಟ್‌ಕ್ಲೇಮ್ ಬರೆದುಕೊಟ್ಟು ಮನೆ ಕಳೆದುಕೊಂಡರೂ ಪ್ರಾಮಿಸರಿ ನೋಟ್ (ಸಾಲ ತೀರಿಸುವ ಒಪ್ಪಂದ) ಮೇಲಿನ ಸಹಿ ಹಾಗೇ ಇರುತ್ತದೆ, ಅತ್ತಕಡೆಯವರು ಕಂತು ತಪ್ಪಿಸಿದರೆ ಪೆಟ್ಟು ಇಬ್ಬರ ಕ್ರೆಡಿಟ್‌ಗೂ. ರೀಫೈನಾನ್ಸ್ (ಹಳೆಯ ಸಾಲ ತೀರಿಸಿ ಮನೆ ಉಳಿಸಿಕೊಳ್ಳುವವರ ಹೆಸರಲ್ಲೇ ಹೊಸ ಸಾಲ) ಆಗುವುದಕ್ಕೂ ಡೀಡ್ ಕೊಡುವುದಕ್ಕೂ ಒಂದೇ ದಿನ ಗೊತ್ತುಮಾಡಿಕೊಳ್ಳಿ.

ಪಡೆಯುವ ಸಂಗಾತಿ ಅಮೆರಿಕದ ಪ್ರಜೆಯಾಗಿದ್ದರೆ ಉಡುಗೊರೆಗೆ ಮಿತಿಯಿಲ್ಲ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿದ್ದರೆ ಮಿತಿ ಇದೆ: 2025ಕ್ಕೆ 1,90,000 ಡಾಲರ್. ಕೊಡುವ ಪಾಲಿನ ಬೆಲೆ ಅದನ್ನು ದಾಟುವಂತಿದ್ದರೆ 709 ಫಾರಂ (ಉಡುಗೊರೆ ತೆರಿಗೆಯ ರಿಟರ್ನ್) ಸಲ್ಲಿಸಬೇಕಾಗಬಹುದು. ಡೀಡ್ ರೆಕಾರ್ಡ್ ಮಾಡಿಸುವ ಮೊದಲೇ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕ) ಹತ್ತಿರ ಕೂತು ಲೆಕ್ಕ ಹಾಕಿಸಿ.

ಬೆಂಗಳೂರಿನ ಸೈಟಿಗೆ ಈ ಯಾವ ಕಾಗದವೂ ತಾಗುವುದಿಲ್ಲ. ಅದಕ್ಕೆ ಅಲ್ಲಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಪತ್ರವೇ ಆಗಬೇಕು.